ಹತ್ತು ನಿಮಿಷದ ಟೊಮೆಟೊ

ಫೆಬ್ರವರಿ ಬಂತೆಂದರೆ ನನ್ನ ಫೋನಿಗೂ ಎಸ್ಸೆಸ್ಸೆಲ್ಸಿ ಜ್ವರ ಬರುತ್ತದೆ. ಗಣಿತದ ಮೇಡಂ ಅಲ್ವಾ ನಾನು! ರಾತ್ರಿ ಅನ್ನಕ್ಕಿಡಲು ಹೊರಟರೆ ಸಾಕು, "ಮಿಸ್, ಒಂದೇ ಒಂದು ಡೌಟು" ಅಂತ ಶುರು. ಎಂಟಕ್ಕೆ ಹುಟ್ಟಿದ ಆ ಡೌಟು ಒಂಬತ್ತೂವರೆಗೆ ಸಾಯುತ್ತಿತ್ತು. ಅಷ್ಟರಲ್ಲಿ ಲೆಕ್ಕವನ್ನೆಲ್ಲ ನಾನೇ ಮಾಡಿರುತ್ತಿದ್ದೆ. ಆ ಕಡೆಯಿಂದ ಬರೀ "ಹೂಂ ಮಿಸ್, ಹೂಂ ಮಿಸ್". ಒಂದು ರಾತ್ರಿ ಆ ಹೂಂ ಮೆಲ್ಲಗೆ ಗೊರಕೆಗೆ ತಿರುಗಿತು. ನಾನು ಇನ್ನೂ ತ್ರಿಕೋನಮಿತಿಯಲ್ಲೇ ಇದ್ದೆ.

ಪರೀಕ್ಷೆಗೆ ಸಿಗುವುದು 3 ಗಂಟೆ 15 ನಿಮಿಷ. ಅದರಲ್ಲಿ 15 ನಿಮಿಷ ಪ್ರಶ್ನೆಪತ್ರಿಕೆ ಓದುವುದಕ್ಕೇ. ನಮ್ಮವರು ಪ್ರಶ್ನೆ ಓದುವುದೇ ಇಲ್ಲ, ಫೋಟೋ ಹೊಡೆದು ನನಗೆ ತಳ್ಳುತ್ತಾರೆ. ಅಲ್ಲಿ ಕೂತಾಗ ಯಾರಿಗೆ ತಳ್ಳುತ್ತಾರೆ?

ಹಾಗಾಗಿ ಕಾನೂನು ತಂದೆ. ತಲೆಗೆ ಹತ್ತು ನಿಮಿಷ. ಎಲ್ಲಿವರೆಗೆ ಮಾಡಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಮೊದಲು ಹೇಳಬೇಕು. ಗಂಟೆ ಹೊಡೆದರೆ ಫೋನ್ ಕಟ್. ಅದಕ್ಕೆ ಅಡುಗೆಮನೆಯ ಟೈಮರನ್ನೇ ಎತ್ತಿಕೊಂಡು ಬಂದೆ. ಕೆಂಪು ಪ್ಲಾಸ್ಟಿಕ್ ಟೊಮೆಟೊ, ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ.

ಮೊದಲ ದಿನದ ಮೊದಲ ಗಿರಾಕಿ, "ನಮಸ್ತೆ ಮಿಸ್, ಊಟ ಆಯ್ತಾ, ಸಾರ್ ಚೆನ್ನಾಗಿದ್ದಾರಾ" ಅನ್ನುವುದರಲ್ಲೇ ನಾಲ್ಕು ನಿಮಿಷ ಉಡಾಯಿಸಿದ. ಆಮೇಲೆ ಐದು ಜನ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರು. ಒಂದೇ ಲೆಕ್ಕ! ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಹಿಡಿದಳು. ಐದು ಹತ್ತಲ ಐವತ್ತು. ಸಮಾಂತರ ಶ್ರೇಢಿ ತಲೆಗೆ ಹೋಗದಿದ್ದರೂ ಮಗ್ಗಿ ಮಾತ್ರ ಗಟ್ಟಿ ಇದೆ ಇವರಿಗೆ.

ನಮ್ಮ ಯಜಮಾನರದ್ದು ಬೇರೆ ಕಥೆ. "ಟೊಮೆಟೊ ಕೂಗಿದರೆ ಒಲೆ ಆರಿಸಿ" ಅಂತ ಮದುವೆಯಾದ ಹೊಸತರಲ್ಲಿ ಹೇಳಿದ್ದೆ. ನನ್ನ ಮಾತಿನಲ್ಲಿ ಅವರು ತಪ್ಪದೆ ಪಾಲಿಸುವುದು ಅದೊಂದನ್ನೇ. ಆ ವಾರವಿಡೀ ನಾವು ಅರೆಬೆಂದ ಬೇಳೆ ತಿಂದೆವು.

ಶುಕ್ರವಾರ ಹಿಂದಿನ ಬೆಂಚಿನವನೊಬ್ಬನ ಪಾಳಿ ಬಂತು. ಎರಡು ಅನುಕ್ರಮ ಧನ ಪೂರ್ಣಾಂಕಗಳ ವರ್ಗಗಳ ಮೊತ್ತ 365, ಆ ಸಂಖ್ಯೆಗಳು ಯಾವುವು? ಇದು ಅವನ ಡೌಟು. ಟೊಮೆಟೊ ತಿರುಗಿಸಿ, "ಹೇಳಪ್ಪ, ಎಲ್ಲಿವರೆಗೆ ಬಂತು?" ಅಂದೆ.

"ಆಗೋಯ್ತು ಮಿಸ್."

"ಯಾರು ಮಾಡಿಕೊಟ್ರು?"

"ನಾನೇ. ಪಾಳಿ ಕಾಯ್ತಾ ಕೂತು ಬೋರಾಯ್ತು. 365ರಲ್ಲಿ ಅರ್ಧ 182ವರೆ. 13ರ ವರ್ಗ 169, 14ರದ್ದು 196. ಅದು ಇವೆರಡರ ನಡುವೆ ಬರುತ್ತಲ್ಲ ಮಿಸ್? ಕೂಡಿ ನೋಡ್ದೆ, ಸರಿಯಾಯ್ತು."

ಹಿಗ್ಗಬೇಕಿತ್ತು. ಆದರೆ ನನಗಾದದ್ದು, ಹೋಳಿಗೆ ಬಡಿಸಲು ಹೊರಟಾಗ ನೆಂಟ ಕೈತೊಳೆದು ಎದ್ದರೆ ಆಗುತ್ತಲ್ಲ, ಆ ಥರದ್ದು. ಸಮೀಕರಣವೇ ಇಲ್ಲ, ಶೋಧಕವಿಲ್ಲ, ಬಿಟ್ಟುಬಿಡಲು ಒಂದು ಮೈನಸ್ 14 ಕೂಡ ಇಲ್ಲ! "ಹಂತಗಳಿಗೂ ಅಂಕ ಇದೆ ಕಣೋ" ಅಂತ ಎಕ್ಸ್ ಹಿಡಿದು ಪೂರ್ತಿ ಬಿಡಿಸಿದೆ. ಅವನು ಹೂಂ ಅಂದ. ಇನ್ನೂ ಐದು ನಿಮಿಷ ಮಿಕ್ಕಿತ್ತು. ಬಿಡಲು ಮನಸ್ಸಾಗಲಿಲ್ಲ.

"ಇನ್ನೊಂದು ಮಜಾ ಕೇಳು. 10, 11, 12ರ ವರ್ಗಗಳನ್ನು ಕೂಡಿದರೂ 365ನೇ!" ಅಂದೆ. ಅಲ್ಲಿಂದ ರಷ್ಯಕ್ಕೆ ಹಾರಿದೆ. ಬೊಗ್ದಾನೊವ್-ಬೆಲ್ಸ್ಕಿ ಎಂಬ ಕಲಾವಿದ 1895ರಲ್ಲಿ ಬರೆದ ಚಿತ್ರವೊಂದಿದೆ, ಹಳ್ಳಿ ಶಾಲೆಯದ್ದು. ಕರಿಹಲಗೆಯ ಮೇಲೆ ಇದೇ ಐದು ವರ್ಗಗಳನ್ನು ಕೂಡಿ 365ರಿಂದ ಭಾಗಿಸುವ ಲೆಕ್ಕ. ಉತ್ತರ 2. ಮುಂದೆ ನಿಂತ ಹುಡುಗರು ಬಾಯಿಲೆಕ್ಕ ಹಾಕುತ್ತಿದ್ದಾರೆ. ಒಬ್ಬ ಮೇಷ್ಟ್ರ ಕಿವಿಯಲ್ಲಿ ಉತ್ತರ ಪಿಸುಗುಡುತ್ತಿದ್ದಾನೆ. ಮೇಷ್ಟ್ರು ರಾಚಿನ್ಸ್ಕಿ ಏನೂ ಹೇಳಿಕೊಡದೆ ಸುಮ್ನೆ ಕುರ್ಚಿಯಲ್ಲಿ ಕೂತಿದ್ದಾರೆ. ಆ ಸುಮ್ಮನಿರುವಿಕೆ ಎಷ್ಟು ಚೆಂದ ಅಂತ ನಾನು ವಿವರಿಸಿದೆ, ವಿವರಿಸಿದೆ.

ಟ್ರಿಣ್ ಅಂತು. ಹೆಬ್ಬೆರಳಲ್ಲಿ ಒತ್ತಿ ಟೊಮೆಟೊದ ಬಾಯಿ ಮುಚ್ಚಿಸಿದೆ.

"ಮಿಸ್, ಗಂಟೆ ಹೊಡೀತು."

"ಒಂದೇ ಒಂದು ನಿಮಿಷ ಇರೋ, ಈಗಷ್ಟೇ ಸ್ವಾರಸ್ಯ ಬಂತು."

"ಇಲ್ಲ ಮಿಸ್, ರೂಲ್ಸು ರೂಲ್ಸೇ" ಅಂದು ಇಟ್ಟೇಬಿಟ್ಟ.

ಅಡುಗೆಮನೆಯಲ್ಲಿ ಟಕ್ ಅಂತ ಗ್ಯಾಸ್ ಆರಿದ ಸದ್ದು ಕೇಳಿಸಿತು. ಬೇಳೆ ಇಟ್ಟು ಐದು ನಿಮಿಷವೂ ಆಗಿರಲಿಲ್ಲ.