ಮುಂಬೈ ಬಟ್ಟೆ ಗಿರಣಿಗಳು ಮುಚ್ಚಿದ್ದು ಮುಷ್ಕರದಿಂದ ಮಾತ್ರ ಅಲ್ಲ

"1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಕಾರ್ಮಿಕರನ್ನು ಕೆರಳಿಸಿ ಮುಂಬೈ ಗಿರಣಿಗಳನ್ನೆಲ್ಲಾ ಮುಚ್ಚಿಸಿದರು" ಎಂಬ ಮಾತು ಮತ್ತೆ ಓಡಾಡುತ್ತಿದೆ. ಅರ್ಧ ಸತ್ಯ ಇದು.

ಮುಷ್ಕರ ಶುರುವಾಗಿದ್ದು 1982ರ ಜನವರಿ 18ರಂದು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟರು. ಆದರೆ ಸಾಮಂತ್ ಅವರನ್ನು ಹುಡುಕಿಕೊಂಡು ಹೋದವರು ಕಾರ್ಮಿಕರೇ. ಯಾಕೆ ಗೊತ್ತಾ? 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ ಇಡೀ ಗಿರಣಿ ಉದ್ಯಮದ ಪರವಾಗಿ ಮಾತಾಡುವ ಹಕ್ಕು ಒಂದೇ ಸಂಘಕ್ಕೆ, ಅಂದರೆ ಕಾಂಗ್ರೆಸ್ ಬೆಂಬಲದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಇತ್ತು, ಅದು ಒಪ್ಪಿಕೊಂಡ ಬೋನಸ್ ಕಾರ್ಮಿಕರಿಗೆ ಒಪ್ಪಿಗೆಯಾಗದಿದ್ದರೂ ಬೇರೆ ಸಂಘವನ್ನು ಮಾತುಕತೆಗೆ ಕೂರಿಸುವ ದಾರಿ ಇರಲಿಲ್ಲ. ಆ ಕಾಯ್ದೆ ರದ್ದಾಗಬೇಕು ಅನ್ನುವುದೂ ಕಾರ್ಮಿಕರ ಬೇಡಿಕೆಯೇ. ಈ ಭಾಗವನ್ನು ಎಲ್ಲರೂ ಸುಮ್ನೆ ಬಿಟ್ಟುಬಿಡುತ್ತಾರೆ, ನನಗೆ ಬೇಸರ ಅದಕ್ಕೇ.

ಗಿರಣಿಗಳು ಮುಷ್ಕರಕ್ಕೂ ಮೊದಲೇ ಸೊರಗಿದ್ದವು. ಯಂತ್ರಗಳು ಹಳೆಯವು, ಮುಂಬೈ ಹತ್ತಿರದ ಭಿವಂಡಿಯ ಪವರ್‌ಲೂಮ್‌ಗಳಲ್ಲಿ (ವಿದ್ಯುತ್ ಮಗ್ಗಗಳಲ್ಲಿ) ಬಟ್ಟೆ ಅಗ್ಗ. ಮುಷ್ಕರ ಆ ಕುಸಿತವನ್ನು ಜೋರಾಗಿಸಿತು, ಹೌದು. ಸಾವಿರಾರು ಜನ ಮತ್ತೆ ಕೆಲಸಕ್ಕೆ ಸೇರಲೇ ಇಲ್ಲ. ಹಾಗಂತ ಎಲ್ಲಾ ಗಿರಣಿಗಳೂ ಆಗಲೇ ಮುಚ್ಚಲಿಲ್ಲ, 1983ರಲ್ಲಿ ಸರ್ಕಾರ 13 ಗಿರಣಿಗಳನ್ನು ತನ್ನ ಕೈಗೆ ತೆಗೆದುಕೊಂಡಿತ್ತು.

ಇನ್ನು ಜಾಗದ ವಿಷಯ. ಮುಂಬೈ ನಗರದ 1991ರ ಅಭಿವೃದ್ಧಿ ನಿಯಮಗಳು ಗಿರಣಿ ಜಮೀನು ಮಾರಲು ಅವಕಾಶ ಕೊಟ್ಟವು, ಆದರೆ ಮೂರನೇ ಒಂದು ಪಾಲು ನಗರಕ್ಕೆ, ಇನ್ನೊಂದು ಸಾರ್ವಜನಿಕ ವಸತಿಗೆ ಅಂದವು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಖಾಲಿ ಜಾಗಕ್ಕೆ ಮಾತ್ರ ಇಳಿಸಿತು, ಕಟ್ಟಡವಿದ್ದ ಜಾಗ ಮಾಲೀಕರಿಗೇ ಉಳಿಯಿತು. ಆಮೇಲೆ ಬಟ್ಟೆ ನೇಯುವುದಕ್ಕಿಂತ ಜಮೀನಿನಲ್ಲೇ ದುಡ್ಡು ಜಾಸ್ತಿ, ಅಲ್ವಾ?