‘ಹೃದಯ’ ಎಂದರೆ ವಿಷಯವಾಗಲಿಲ್ಲ

ಸಂಶೋಧನಾ ಪ್ರಬಂಧದ ವಿಷಯಕ್ಕೆ ‘ದೇಹದಲ್ಲಿ ಇಷ್ಟವಾದ ಅಂಗವನ್ನು ಆರಿಸಿಕೊಳ್ಳಿ’ ಎಂದು ನಾನು ಓದಿದ ಲೇಖನವೊಂದು ವಿದ್ಯಾರ್ಥಿಗಳಿಗೆ ಹೇಳುತ್ತದೆ. ಅಷ್ಟಕ್ಕೇ ಬಿಟ್ಟರೆ ಹೇಗೆ? ಪದವಿಯಲ್ಲಿ ನನ್ನ ವಿಷಯ ‘ರಕ್ತಪರಿಚಲನೆ’ ಎಂದು ಬರೆದುಕೊಟ್ಟು, ಎರಡು ತಿಂಗಳು ಪಠ್ಯಪುಸ್ತಕವನ್ನೇ ನಕಲು ಮಾಡಿದವನು ನಾನು. ಕೊನೆಗೆ ದಾರಿ ತೋರಿದ್ದು ಒಂದು ಬೋಗುಣಿ ತಣ್ಣೀರು! ಉಸಿರು ಬಿಗಿಹಿಡಿದು ಅದರಲ್ಲಿ ಮುಖ ಮುಳುಗಿಸಿದರೆ ನಾಡಿ ನಿಧಾನವಾಗುತ್ತದೆ. ಮುಖದ ಟ್ರೈಜೆಮಿನಲ್ ನರ ಮಿದುಳಿಗೆ ಒಯ್ದ ಸುದ್ದಿಗೆ, ಅಲ್ಲಿಂದ ಹೃದಯಕ್ಕೆ ಬರುವ ವೇಗಸ್ ನರ ಹೃದಯದ ಲಗಾಮು ಎಳೆಯುತ್ತದೆ. ಬರೀ ಉಸಿರು ಹಿಡಿದರೆ ನಾಡಿ ಎಷ್ಟು ಇಳಿಯುತ್ತದೆ, ತಣ್ಣೀರೂ ಸೇರಿದರೆ ಎಷ್ಟು? ಪ್ರಶ್ನೆ ಇಷ್ಟು ಕಿರಿದಾದ ಮೇಲೆ ಏನನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯಿತು. ಹೃದ್ರೋಗ ಇರುವವರನ್ನು ಈ ಪ್ರಯೋಗಕ್ಕೆ ಕರೆಯಲೇಬೇಡಿ. ಮಾರ್ಗದರ್ಶಕರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ.