ಪ್ರವರವನ್ನೇನೋ ಓದಿದಿರಿ, ಕೆಲಸ ಯಾವುದೆಂದು ಹೇಳಲಿಲ್ಲ

ಇಂದು ಒಂದು ಉಪನ್ಯಾಸ ಕೇಳಿ ಬಂದೆ. ಉಪನ್ಯಾಸ ಸೊಗಸಾಗಿತ್ತು. ನನ್ನ ಸಿಟ್ಟೆಲ್ಲ ಅದಕ್ಕೂ ಮೊದಲಿನ ಐದು ನಿಮಿಷಗಳ ಮೇಲೆ.

ಮಾತನಾಡಬೇಕಿದ್ದಾಕೆ ಟಿ ಕೋಶಗಳ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ, ಬೆನ್ನು ಹತ್ತಿ ಆಯುಷ್ಯ ಸವೆಸಿದವರು. ಒಮ್ಮೆ ಬಂದುಹೋದ ಸೋಂಕನ್ನು ದೇಹ ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದು ಅವರ ಪ್ರಶ್ನೆ. ಪರಿಚಯಿಸಲು ಎದ್ದ ಮಹಾಶಯರು ಚೀಟಿ ತೆಗೆದು ಓದತೊಡಗಿದರು: ಪೇಪರ್‌ಗಳು ಇಷ್ಟು, ಸೈಟೇಷನ್ (ಇತರ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಇಷ್ಟು, ಎಚ್-ಇಂಡೆಕ್ಸ್ ಇಷ್ಟು, ದೊಡ್ಡ ಇಂಪ್ಯಾಕ್ಟ್ ಫ್ಯಾಕ್ಟರ್‌ನ ಜರ್ನಲ್‌ಗಳಲ್ಲಿ ಬಂದದ್ದು ಇಷ್ಟು. ಸಭೆ ಚಪ್ಪಾಳೆ ತಟ್ಟಿತು. ಟಿ ಕೋಶ ಎಂಬ ಮಾತು ಒಮ್ಮೆಯೂ ಬರಲಿಲ್ಲ. ಆಕೆ ತಲೆ ತಗ್ಗಿಸಿ ಮೈಕಿನ ವೈರನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು.

ನನ್ನ ಪ್ರಶ್ನೆ ಇಷ್ಟೇ: ಆಕೆ ಕಂಡುಹಿಡಿದದ್ದು ಏನು ಸ್ವಾಮಿ?

ಎಚ್-ಇಂಡೆಕ್ಸ್ ಎಂಬುದನ್ನು 2005ರಲ್ಲಿ ಮುಂದಿಟ್ಟವರು ಹೋರ್ಹೆ ಹಿರ್ಶ್, ಒಬ್ಬ ಭೌತವಿಜ್ಞಾನಿ. ತಲಾ ಇಪ್ಪತ್ತಾದರೂ ಉಲ್ಲೇಖ ಪಡೆದ ಇಪ್ಪತ್ತು ಪೇಪರ್‌ಗಳಿದ್ದರೆ ನಿಮ್ಮ ಅಂಕ ಇಪ್ಪತ್ತು. ಅಷ್ಟೇ ಲೆಕ್ಕ. ನಿಮ್ಮ ಒಂದು ಪೇಪರ್ ಇಡೀ ಶಾಸ್ತ್ರದ ದಿಕ್ಕನ್ನೇ ಬದಲಿಸಿದರೂ ಈ ಲೆಕ್ಕದಲ್ಲಿ ಅದು ಒಂದೇ.

ಕೋಳಿ ವಿಜ್ಞಾನಿ ಬ್ರೂಸ್ ಗ್ಲಿಕ್ ಅವರದು ಅಂಥದೊಂದು ಪೇಪರ್. ಕೋಳಿಯ ಹಿಂಭಾಗದಲ್ಲಿ ಬರ್ಸಾ ಎಂಬ ಪುಟ್ಟ ಚೀಲವಿರುತ್ತದೆ. ಅದು ಯಾತಕ್ಕಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಮರಿಯಾಗಿದ್ದಾಗಲೇ ಅದನ್ನು ತೆಗೆಸಿಕೊಂಡಿದ್ದ ಕೋಳಿಗಳನ್ನು ಗ್ಲಿಕ್‌ರ ಸಹಪಾಠಿಯೊಬ್ಬರು ಪ್ರತಿಕಾಯಗಳ, ಅಂದರೆ ರೋಗಾಣುವನ್ನು ಹಿಡಿಯಲು ರಕ್ತದಲ್ಲಿ ಹುಟ್ಟುವ ಪ್ರೋಟೀನುಗಳ, ಪಾಠಕ್ಕೆಂದು ಒಯ್ದರು. ಚುಚ್ಚುಮದ್ದು ಕೊಟ್ಟರೂ ಅವುಗಳ ರಕ್ತದಲ್ಲಿ ಪ್ರತಿಕಾಯ ಹುಟ್ಟಲಿಲ್ಲ. ಪಾಠ ಕೆಟ್ಟಿತು, ಶಾಸ್ತ್ರಕ್ಕೆ ದಾರಿ ಸಿಕ್ಕಿತು. ‘ಸೈನ್ಸ್’ ಪತ್ರಿಕೆ ಆ ಬರಹವನ್ನು ಬೇಡವೆಂದಿತು. 1956ರಲ್ಲಿ ಅದು ಅಚ್ಚಾದದ್ದು ‘ಪೌಲ್ಟ್ರಿ ಸೈನ್ಸ್’ನಲ್ಲಿ, ಕೋಳಿ ಸಾಕಣೆಯವರು ಓದುವ ಜರ್ನಲ್‌ನಲ್ಲಿ. ವರ್ಷಗಟ್ಟಲೆ ಇಮ್ಯುನಾಲಜಿಯವರು, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ಅಧ್ಯಯನ ಮಾಡುವವರು, ಅತ್ತ ತಿರುಗಿಯೂ ನೋಡಲಿಲ್ಲ. ಇಂದು ಪ್ರತಿಕಾಯ ತಯಾರಿಸುವ ಕೋಶಗಳನ್ನು ಬಿ ಕೋಶ ಎನ್ನುತ್ತೇವಲ್ಲ, ಆ ‘ಬಿ’ ಬಂದದ್ದು ಬರ್ಸಾದಿಂದ. ಜರ್ನಲ್‌ನ ತೂಕ ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಣಿಸುವುದು ಆ ಜರ್ನಲ್‌ನ ಹಿಂದಿನ ಎರಡು ವರ್ಷಗಳ ಬರಹಗಳಿಗೆ ಬಂದ ಉಲ್ಲೇಖಗಳನ್ನು. ಗ್ಲಿಕ್‌ರ ಕೋಳಿಗಳು ಆ ಎರಡು ವರ್ಷದಲ್ಲಿ ಬಹುತೇಕ ಯಾರಿಗೂ ಕಾಣಿಸಿರಲಿಲ್ಲ.

ಇನ್ನೊಂದು ನೋಡಿ. ಉಳಿದ ರಕ್ಷಣಾ ಕೋಶಗಳಿಗೆ ನೆರವಾಗುವ ‘ಸಹಾಯಕ’ ಟಿ ಕೋಶಗಳಲ್ಲಿ ಎರಡು ಬಗೆಯಿವೆ ಎಂದು 1986ರಲ್ಲಿ ತೋರಿಸಿದವರಲ್ಲಿ ಟಿಮ್ ಮಾಸ್ಮನ್ ಒಬ್ಬರು. ಪಠ್ಯಪುಸ್ತಕ ತಿದ್ದಿದ ಕೆಲಸ ಅದು. ಆದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಲ್ಲೇಖ ಸಿಕ್ಕಿರುವುದು 1983ರ ಅವರ ಇನ್ನೊಂದು ಬರಹಕ್ಕೆ: ಬದುಕಿರುವ ಕೋಶಗಳು ಹಳದಿ ದ್ರಾವಣವನ್ನು ನೇರಳೆಯಾಗಿಸುತ್ತವೆ, ಬಣ್ಣ ಅಳೆದು ಕೋಶ ಎಣಿಸಿ ಎಂಬ ವಿಧಾನ. ಉಪಯುಕ್ತವಾದದ್ದೇ, ನಾನೂ ದಿನವೂ ಬಳಸಿದವನೇ. ಆದರೆ ಯಾವುದು ದೊಡ್ಡದು ಎಂದು ಸಂಖ್ಯೆಯನ್ನು ಕೇಳಿದರೆ ಅದು ನೇರಳೆ ಬಣ್ಣವನ್ನೇ ತೋರಿಸುತ್ತದೆ. ಬೈಗುಳವೂ ಉಲ್ಲೇಖವೇ ಎಂಬುದು ಬೇರೆ ಮಾತು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ‘ಲ್ಯಾನ್ಸೆಟ್’ ಬರಹವನ್ನು 2010ರಲ್ಲಿ ಹಿಂಪಡೆದರು. ಅದನ್ನು ಉಲ್ಲೇಖಿಸಿದವರಲ್ಲಿ ಬಹಳ ಮಂದಿ ತಪ್ಪೆಂದು ಹೇಳಲೆಂದೇ ಉಲ್ಲೇಖಿಸಿದ್ದಾರೆ. ಎಣಿಕೆಯ ಯಂತ್ರಕ್ಕೆ ಹಾರವೂ ಒಂದೇ, ಕಲ್ಲೂ ಒಂದೇ.

‘ಒಂದು ಹುದ್ದೆಗೆ ರಾಶಿ ಅರ್ಜಿ ಬಂದಾಗ ಎಲ್ಲರ ಪೇಪರ್ ಓದಲಾಗುತ್ತದೆಯೇ? ಸಂಖ್ಯೆ ಇಲ್ಲದಿದ್ದರೆ ಶಿಫಾರಸಿನವರೇ ಒಳಗೆ ಬರುತ್ತಾರೆ’ ಎಂದು ಗೆಳೆಯರು ಹೇಳುತ್ತಾರೆ. ಸರಿ, ಒಪ್ಪಿದೆ. ಆದರೆ ಇಂದು ಯಾವ ಅರ್ಜಿಯ ರಾಶಿಯಿತ್ತು? ಒಬ್ಬರೇ ಒಬ್ಬರು ವೇದಿಕೆಯ ಮೇಲಿದ್ದರು. ಅವರ ಒಂದೇ ಒಂದು ಪೇಪರಿನ ಸಾರಾಂಶ ಓದಿಕೊಂಡು ಬರಲು ಎಷ್ಟು ಹೊತ್ತು ಬೇಕಿತ್ತು?

ಸಾಚಾತನದ ಪೋಸು ಕೊಡುತ್ತಿದ್ದೇನೆ ಎಂದುಕೊಳ್ಳಬೇಡಿ. ಆಯ್ಕೆ ಸಮಿತಿಯಲ್ಲಿ ಕುಳಿತು ಎಚ್-ಇಂಡೆಕ್ಸಿನ ಕಾಲಂ ಹಿಡಿದು ಪಟ್ಟಿಯನ್ನು ಮೇಲೆ ಕೆಳಗೆ ಮಾಡಿದವನು ನಾನೇ. ನಾಲ್ಕು ವರ್ಷ ಇಲಿಗಳ ಗುಲ್ಮ (ಸ್ಪ್ಲೀನ್) ಬಿಡಿಸುತ್ತ ಮಾಡಿದ ನನ್ನ ಕೆಲಸಕ್ಕೆ ಒಂಬತ್ತು ಉಲ್ಲೇಖಗಳಿವೆ, ಅದರಲ್ಲಿ ಮೂರು ನನ್ನವೇ. ನನ್ನ ಅಂಕವನ್ನು ಎತ್ತಿ ಹಿಡಿದಿರುವುದು ಹನ್ನೊಂದನೇ ಲೇಖಕನಾಗಿ ಹೆಸರು ಬಂದ ಒಂದು ಪೇಪರ್. ಅದಕ್ಕೆ ನಾನು ಕೊಟ್ಟದ್ದು ಎರಡು ಸೀಸೆ ಪ್ರತಿಕಾಯ.

ಉಪನ್ಯಾಸ ಮುಗಿದ ಮೇಲೆ ಹುಡುಗನೊಬ್ಬ ಎದ್ದು ಕೇಳಿದ: ‘ಮೇಡಂ, ಎಚ್-ಇಂಡೆಕ್ಸ್ ಬೇಗ ಏರಬೇಕಾದರೆ ಏನು ಮಾಡಬೇಕು?’ ಆಕೆ ಕ್ಷಣ ಸುಮ್ಮನಿದ್ದು, ‘ಲಸಿಕೆ ಹಾಕದ ಇಲಿಗಳಲ್ಲೂ ಒಂದಿಷ್ಟು ನೆನಪಿನ ಕೋಶಗಳು ಕಂಡವಲ್ಲ, ಗಮನಿಸಿದಿರಾ? ಅದು ಯಾಕೆಂದು ನೀವು ಕೇಳುತ್ತೀರಿ ಎಂದುಕೊಂಡಿದ್ದೆ’ ಎಂದರು. ಹುಡುಗ ಕುಳಿತುಬಿಟ್ಟ. ಅವನ ಮೇಲೆ ನನಗೆ ಕೋಪವಿಲ್ಲ. ಚೀಟಿಯಲ್ಲಿ ಓದಿದ್ದನ್ನೇ ಅವನು ಕೇಳಿದ.

ಇದನ್ನು ಬರೆಯುವ ಮೊದಲು ನಾನೂ ಆಕೆಯ ಪ್ರೊಫೈಲ್ ತೆರೆದು ನೋಡಿದೆ, ಸುಳ್ಳೇಕೆ ಹೇಳಲಿ. ಚೀಟಿಯ ಮಹಾಶಯರು ಎಚ್-ಇಂಡೆಕ್ಸನ್ನೂ ಎರಡು ಕಡಿಮೆ ಓದಿದ್ದರು.